ಔಲಿಗೆ ಸ್ಕೀಯಿಂಗ್‌ಗೆ ಹೋಗ್ತೀರಾ? ರೋಪ್‌ವೇ ನಂಬಿ ಹೊರಡಬೇಡಿ

ಔಲಿ ಉತ್ತರಾಖಂಡದ ಹಿಮದ ಬೆಟ್ಟ, ಜೋಶಿಮಠ ಅದರ ಕೆಳಗಿನ ಪಟ್ಟಣ. ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ಪ್ಯಾಕೇಜಿನಲ್ಲಿ "ಜೋಶಿಮಠದಿಂದ ಔಲಿಗೆ ರೋಪ್‌ವೇ" ಅಂತ ದಪ್ಪ ಅಕ್ಷರದಲ್ಲಿತ್ತು. ಹೋಗಿ ನೋಡಿದರೆ ಬಂದ್. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ನಿಲ್ಲಿಸಿದ್ದಂತೆ. ಫೋನ್ ಮಾಡಿದರೆ, "ಚೇರ್‌ಲಿಫ್ಟ್ ಇದೆಯಲ್ಲ ಸಾರ್" ಅಂದ. ಅದು ಇರುವುದು ಔಲಿಯ ಒಳಗೆ ಮಾರಾಯ!

ಮೇಲಕ್ಕೆ ಜೀಪೇ ಗತಿ. ರಸ್ತೆಯಲ್ಲಿ ಹಿಮ ಗಟ್ಟಿಯಾಗಿತ್ತು ಅಂತ ನಮ್ಮನ್ನು ಅರ್ಧ ದಾರಿಯಲ್ಲೇ ಇಳಿಸಿ, ಚಕ್ರಕ್ಕೆ ಸರಪಳಿ ಕಟ್ಟಿದ ಇನ್ನೊಂದು ಗಾಡಿ ಹತ್ತಿಸಿದರು. ಎರಡೆರಡು ಬಾಡಿಗೆ. ಹತ್ತುವ ಮೊದಲೇ "ಕೊನೇ ತನಕ ಎಷ್ಟು?" ಅಂತ ಕೇಳಿಬಿಡಿ.

ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬಯಲುಸೀಮೆ ಲೆಕ್ಕದಲ್ಲಿ ಆರು ಗಂಟೆ ಅಂದುಕೊಂಡಿದ್ದೆವು, ಹತ್ತಾಯಿತು. ಬೆಳಗಿನ ಜಾವದ ಬಸ್ಸೇ ಹಿಡಿಯಿರಿ.

ಆ ಸುಸ್ತೆಲ್ಲ ಇಳಿದದ್ದು ಜೋಶಿಮಠದ ಬಜಾರಿನಲ್ಲಿ, ನಾಲ್ಕು ಬೆಂಚಿನ ಒಂದು ಡಾಬಾದಲ್ಲಿ. "ಮಂಡುವಾ ರೋಟಿ, ಗಹತ್ ದಾಲ್" ಅಂದರು. ಏನೋ ಪಹಾಡಿ ಊಟ ಇರಬೇಕು, ತನ್ನಿ ಅಂದೆವು. ತಟ್ಟೆ ಬಂತು ನೋಡಿ, ರಾಗಿ ರೊಟ್ಟಿ, ಹುರುಳಿ ಸಾರು! ನಮ್ಮ ಹೆಂಡತಿ ಬಿದ್ದು ಬಿದ್ದು ನಕ್ಕಳು. ಬಿಸಿ ರೊಟ್ಟಿ ಮೇಲೆ ತುಪ್ಪ, ಪಕ್ಕದಲ್ಲಿ ಭಾಂಗ್ ಬೀಜದ ಚಟ್ನಿ (ಹೆದರಬೇಡಿ, ಬೀಜಕ್ಕೆ ಅಮಲಿಲ್ಲ). ಚಳಿ ಜಾಸ್ತಿ ಅಂತ ಅಲ್ಲಿನ ಅಮ್ಮ ನಮ್ಮನ್ನು ಒಲೆ ಪಕ್ಕಕ್ಕೇ ಕರೆದು ಕೂರಿಸಿಕೊಂಡರು. ಔಲಿಯ ಹೋಟೆಲಿನಲ್ಲಿ ಒಂದು ಪ್ಲೇಟ್ ಮ್ಯಾಗಿಗೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ಇಬ್ಬರ ಹೊಟ್ಟೆ ತುಂಬಿತು.

ಇನ್ನು ಸ್ಕೀಯಿಂಗ್. ಗಂಟೆ ಲೆಕ್ಕದ ಬಾಡಿಗೆ ಸುಮ್ನೆ ದಂಡ. ಬೂಟು ಬಿಗಿಯುವುದರಲ್ಲೇ ಕಾಲು ಗಂಟೆ ಹೋಗುತ್ತೆ. ಆಮೇಲೆ ಒಬ್ಬ ಹುಡುಗ ಕೈ ಹಿಡಿದು ಇಪ್ಪತ್ತು ಹೆಜ್ಜೆ ಜಾರಿಸಿ ಫೋಟೊ ತೆಗೆದುಕೊಡುತ್ತಾನೆ, ಅಷ್ಟೇ. ಕಾಲಿಗೆ ಕಟ್ಟಿದ ಎರಡು ಸ್ಕೀ ಹಲಗೆಯ ಮೂತಿಯನ್ನು ಒಳಕ್ಕೆ ತಿರುಗಿಸಿ ನಿಲ್ಲುವುದು ಕಲಿಯುವುದಕ್ಕೇ ನನಗೆ ಒಂದು ದಿನ ಬೇಕಾಯಿತು, ಸೊಂಟ ಇನ್ನೂ ನೋಯುತ್ತಿದೆ. ನಿಜವಾಗಿ ಕಲಿಯುವ ಆಸೆಯಿದ್ದರೆ ಗಢವಾಲ್ ಮಂಡಲ್ ವಿಕಾಸ್ ನಿಗಮದ (ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ) 7 ಅಥವಾ 14 ದಿನದ ಕೋರ್ಸಿಗೆ ವಿಚಾರಿಸಿ.

ಜನವರಿ ಕೊನೆ, ಫೆಬ್ರವರಿ ಒಳ್ಳೆ ಸಮಯ. ಆದರೂ ಟಿಕೆಟ್ ಬುಕ್ ಮಾಡುವ ಮೊದಲು ಅಲ್ಲಿನವರಿಗೇ ಫೋನ್ ಮಾಡಿ, ಅವತ್ತಿನ ಫೋಟೊ ಕೇಳಿ. ಹಿಮ ಸಾಲದೆ ಇಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ರದ್ದಾದದ್ದಿದೆ. ರೂಮು ಜೋಶಿಮಠದಲ್ಲೇ ಮಾಡಿ. ಔಲಿಯಲ್ಲಿ ದುಪ್ಪಟ್ಟು ಕೊಟ್ಟರೂ ನಮ್ಮ ಪೈಪಿನ ನೀರು ಹೆಪ್ಪುಗಟ್ಟಿತ್ತು, ಬಿಸಿನೀರಿನ ಬಕೆಟ್‌ಗೆ ಬೇರೆ ಚಾರ್ಜು. ಕೆಳಗಿದ್ದರೆ ಆ ಡಾಬಾಕ್ಕೂ ನಡೆದು ಹೋಗಬಹುದು. ರಾತ್ರಿ ಎಂಟರೊಳಗೆ ಹೋಗಿ, ಆಮೇಲೆ ಒಲೆ ಆರಿಸಿಬಿಡುತ್ತಾರೆ.