ಮಾರ್ಕ್ಸು ಬೇಡ ಅನ್ನಬಹುದಾದ ಪರೀಕ್ಷೆ

ನಮ್ಮ ಕಡೆ ಪರೀಕ್ಷೆ ಅಂದರೆ ಬರೆಯುವುದು. ನಾವು ಅಡಿಷನಲ್ ಶೀಟ್ ಕೇಳಿದಷ್ಟೂ ಪಕ್ಕದವರಿಗೆ ಎದೆ ಢವಢವ. ಇಟಾಲಿಯನ್ ಭಾಷೆ, ಸಂಸ್ಕೃತಿ ಓದಲು ಪೆರುಜಾದ ವಿದೇಶಿಯರ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಆ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಇಟಲಿಯಲ್ಲಿ ಬಾಯಿಪರೀಕ್ಷೆಗಳೇ ಜಾಸ್ತಿ. ಅದೂ ಬೇರೆ ವಿದ್ಯಾರ್ಥಿಗಳ ಎದುರೇ.

ಆವತ್ತು ಇಟಾಲಿಯನ್ ಭಾಷೆಯ ಚರಿತ್ರೆ. ಫೆಬ್ರವರಿ ಚಳಿ. ನಮ್ಮ ವಿಶ್ವವಿದ್ಯಾಲಯದ ಕಟ್ಟಡ ಪಲಾತ್ಸೊ ಗಲ್ಲೆಂಗಾದ ಎದುರಿಗೇ, ರೋಮನ್ನರಿಗೂ ಮೊದಲು ಅಲ್ಲಿದ್ದ ಎಟ್ರುಸ್ಕನ್ನರ ಕಾಲದ ಕಲ್ಲಿನ ಹೆಬ್ಬಾಗಿಲು. ಅದನ್ನು ನೋಡುವ ಪುರುಸೊತ್ತು ಯಾರಿಗಿದೆ? ಮುಂದೆ ಕೂತವರಿಗೆ ಏನು ಕೇಳುತ್ತಾರೆ ಅಂತ ಹಿಂದಿನ ಬೆಂಚಿನಲ್ಲಿ ಕಿವಿಗೊಟ್ಟು ಬರೆದುಕೊಳ್ಳುತ್ತಿದ್ದೆವು.

ನನಗೆ ಬಿದ್ದದ್ದು 1861, ಇಟಲಿ ಒಂದು ದೇಶವಾದ ವರ್ಷ. ಆಗ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಜನ ಅಂತ ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ ಲೆಕ್ಕ ಹಾಕಿದ್ದರು. ಇನ್ನೊಬ್ಬ ಭಾಷಾವಿಜ್ಞಾನಿ ಅರ್ರಿಗೊ ಕಸ್ತೆಲ್ಲಾನಿ ಒಪ್ಪಲಿಲ್ಲ, ಹತ್ತರ ಹತ್ತಿರ ಅಂದರು. ಯಾರ ಲೆಕ್ಕ ಹಿಡಿದರೂ ಉಳಿದವರ ಬಾಯಲ್ಲಿದ್ದದ್ದು ಅವರವರ ಊರಿನ ಮಾತು. ಶಾಲೆ, ಸೈನ್ಯ, ಊರು ಬಿಟ್ಟು ಹೋದ ಜನ, 1954ರಲ್ಲಿ ಬಂದ ಟೀವಿ... ಹೇಳುತ್ತಾ ಹೋದೆ. ಪ್ರೊಫೆಸರ್ ನಡುವೆ ತಡೆದು, "ನಿಮ್ಮಲ್ಲಿ ಹೇಗೆ?" ಅಂದರು.

ಕುಂದಾಪುರದ ಮನೆಯಲ್ಲಿ ಆಡುವ ಕನ್ನಡ ಒಂದು, ಶಾಲೆಯಲ್ಲಿ ಬರೆದದ್ದು ಇನ್ನೊಂದು ಅಂದೆ. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನಾನು ಬಾಯಿಬಿಟ್ಟರೆ ಹುಡುಗಿಯರು ನಗುತ್ತಿದ್ದದ್ದು, ಅಮ್ಮನ ಫೋನು ಬಂದಾಗ ನಾನು ಹೊರಗೆ ಹೋಗಿ ಮಾತಾಡುತ್ತಿದ್ದದ್ದು, ಎಲ್ಲ ಹೇಳಿಬಿಟ್ಟೆ. ಪುಸ್ತಕದಲ್ಲಿಲ್ಲದ್ದನ್ನು ಹೇಳುವಾಗಲೇ ನನ್ನ ಇಟಾಲಿಯನ್ ಸಲೀಸಾಗಿ ಬಂತು. ವಿಚಿತ್ರ ಅಲ್ವಾ?

ಕೊನೆಗೆ ಮೂವತ್ತಕ್ಕೆ 26 ಅಂದರು. "ತೆಗೆದುಕೊಳ್ಳುತ್ತೀರಾ?"

ಅಲ್ಲಿ ಪಾಸಾಗಲು 18 ಸಾಕು. ಬಂದದ್ದು ಹಿಡಿಸದಿದ್ದರೆ ಬೇಡ ಅಂದು ಮುಂದಿನ ಸಲ ಮತ್ತೆ ಕೂರಬಹುದು. ನಮ್ಮಲ್ಲಿ ಮಾರ್ಕ್ಸು ಕೊಡುವವರು ನಮ್ಮನ್ನು ಕೇಳಿದ್ದುಂಟಾ? ನನ್ನ ಸ್ಕಾಲರ್‌ಶಿಪ್ ನಿಂತಿದ್ದೇ ಕ್ರೆಡಿಟ್‌ಗಳ ಮೇಲೆ. ಹಿಂದೆಮುಂದೆ ನೋಡದೆ ಹೂಂ ಅಂದೆ.

ನನ್ನ ನಂತರ ಹೋದ ಪಲೆರ್ಮೊದ ಗೆಳತಿಗೆ 28 ಬಂತು. ಬೇಡ ಅಂದಳು! ಅವಳಿಗೆ ಮೂವತ್ತೇ ಆಗಬೇಕಂತೆ. ಕಾಫಿ ಕುಡಿಯುತ್ತಾ ಅವಳನ್ನು ಚೆನ್ನಾಗಿ ಬೈದೆ. ಅವಳು ಆಗಲೇ ಫೋನಿನಲ್ಲಿ ಮುಂದಿನ ಪರೀಕ್ಷೆಯ ತಾರೀಖು ಹುಡುಕುತ್ತಿದ್ದಳು.