ಒಂದು ಕ್ವಿಂಟಲ್ ಬ್ಯಾಡಗಿ ಮೆಣಸಿನಕಾಯಿಗೆ ಎಣ್ಣೆ ಎಷ್ಟು ಬೀಳುತ್ತದೆ?

ಹಾವೇರಿ ಕಡೆ ಯಾರ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ತಮ್ಮಾ, ಒಂದು ಕ್ವಿಂಟಲ್ ಬ್ಯಾಡಗಿ ಕಾಯಿಗೆ ಎಣ್ಣಿ ಎಷ್ಟು ಬೀಳ್ತೈತಿ? ನಾವೂ ಒಂದು ಸಣ್ಣ ಘಟಕ ಹಾಕಿದ್ರ ಹೆಂಗ?" ಕೆಲವು ವರ್ಷ ಓಲಿಯೋರೆಸಿನ್ ಕಾರ್ಖಾನೆಯಲ್ಲಿ ಪಾಳಿ ಮಾಡಿದ್ದೇನೆ, ಅದಕ್ಕೇ ನನ್ನನ್ನು ಹಿಡಿಯುತ್ತಾರೆ. ಅವರು ಎಣ್ಣೆ ಅನ್ನುವುದು ಈ ಓಲಿಯೋರೆಸಿನ್‌ಗೇ, ಅಂದರೆ ಕಾಯಿಯ ಬಣ್ಣ, ಖಾರ, ಎಣ್ಣೆ ಎಲ್ಲ ಸೇರಿದ ಗಟ್ಟಿ ಕೆಂಪು ರಸ. ಮಸಾಲೆಗೆ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ.

ನನ್ನ ಉತ್ತರ: 6 ಕಿಲೋನೂ ಬೀಳಬಹುದು, 15 ಕಿಲೋನೂ ಬೀಳಬಹುದು.

ತಮಾಷೆಯಲ್ಲ. ಕೊಳ್ಳುವವನು ತೂಕಕ್ಕಲ್ಲ, ಬಣ್ಣಕ್ಕೆ ದುಡ್ಡು ಕೊಡುತ್ತಾನೆ. ಕಾಯಿಯ ಬಣ್ಣವನ್ನು ಆಸ್ಟಾ ಅಂಕದಲ್ಲಿ ಅಳೆಯುತ್ತಾರೆ. ಒಳ್ಳೆಯ ಬ್ಯಾಡಗಿ ಕಾಯಿ 150ರ ಆಸುಪಾಸು. ಅದನ್ನು ಸುಮಾರು 40ರಿಂದ ಗುಣಿಸಿದರೆ ಓಲಿಯೋರೆಸಿನ್‌ನ ಬಣ್ಣ ಅಳೆಯುವ ಅಂಕಕ್ಕೆ ಬರುತ್ತದೆ, ಅಂದರೆ 6,000. ಒಂದು ಚೂರೂ ಬಿಡದೆ ತೆಗೆದರೆ, 1,00,000 ಅಂಕದ ಬಣ್ಣವಿರುವ ಗಟ್ಟಿ ಸರಕು ಕ್ವಿಂಟಲಿಗೆ 6 ಕಿಲೋ. ಅದನ್ನೇ ಅಡುಗೆ ಎಣ್ಣೆ ಬೆರೆಸಿ 40,000ಕ್ಕೆ ಇಳಿಸಿದರೆ 15 ಕಿಲೋ. ಬೀಜ ಸಮೇತ ಅರೆದರೂ ತೂಕ ಏರುತ್ತದೆ. ಬೀಜದಲ್ಲಿ ಎಣ್ಣೆ ಇದೆ, ಕೆಂಪು ಇಲ್ಲ. ತೂಕ ನೋಡಿ ಖುಷಿಪಡುವವರು ಮೋಸ ಹೋಗುವುದು ಇಲ್ಲೇ.

ಇನ್ನು ಖರ್ಚು. ಪುಡಿಯ ಮೇಲೆ ಹೆಕ್ಸೇನ್ ಹಾಯಿಸುತ್ತೇವೆ, ಅದು ಬಣ್ಣ, ಎಣ್ಣೆ ಕರಗಿಸಿಕೊಳ್ಳುವ ಪೆಟ್ರೋಲಿನಂಥ ದ್ರವ. ಮೊದಲ ಸಲ ಗಾಜಿನ ಕಿಂಡಿಯಲ್ಲಿ ರಕ್ತದಂಥ ಕೆಂಪು ಇಳಿಯುತ್ತದೆ. ಎರಡನೆಯದು ಕಿತ್ತಳೆ. ನಾಲ್ಕನೆಯದು ನೀರು ಚಹಾ. ಆ ನೀರು ಚಹಾದಿಂದ ಹೆಕ್ಸೇನ್ ಬಿಡಿಸಲು ಮೊದಲ ಸಲಕ್ಕೆ ಬೇಕಾದಷ್ಟೇ ಉಗಿ ಬೇಕು, ಅಷ್ಟೇ ಹೊತ್ತು ಬೇಕು. ಒಂದು ರಾತ್ರಿ ಪಾಳಿಯಲ್ಲಿ ನಾನು ಹಟಕ್ಕೆ ಬಿದ್ದು ಐದನೇ ಸಲವೂ ತೊಳೆಸಿದೆ. ಸಿಕ್ಕ ರಸ ಒಂದು ತಂಬಿಗೆಯಷ್ಟೂ ಇರಲಿಲ್ಲ. ಬೆಳಿಗ್ಗೆ ಬಾಯ್ಲರ್‌ನವನು ಸೌದೆ ಲೆಕ್ಕ ತೋರಿಸಿದಾಗ ಸುಮ್ನೆ ತಲೆ ತಗ್ಗಿಸಿದೆ. ಮೇಲಾಗಿ ಹಿಂಡಿಯಲ್ಲಿ ಉಳಿದ ಹೆಕ್ಸೇನ್ ಹಾರಿಹೋದರೆ ಅದೂ ನಷ್ಟವೇ.

ಮನೆಯ ಹಿತ್ತಲಲ್ಲಿ ಮಾಡಬಹುದಾ ಅಂತಲೂ ಕೇಳುತ್ತಾರೆ. ಬೇಡವೇ ಬೇಡ. ಹೆಕ್ಸೇನ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಗೂ ತಾಗುತ್ತದೆ. ಇಂಗಾಲದ ಡೈಆಕ್ಸೈಡ್‌ನಿಂದ ತೆಗೆಯುವ ಯಂತ್ರಕ್ಕೆ ಆ ಭಯವಿಲ್ಲ, ಆದರೆ ಒತ್ತಡ ತಡೆಯುವ ಆ ಪಾತ್ರೆಗಳ ಬೆಲೆ ಕೇಳಿದರೆ ಊಟ ಸೇರುವುದಿಲ್ಲ.

ನನ್ನ ಕೇಳಿದರೆ, ಅಗ್ಗದಲ್ಲಿ ಇಳುವರಿ ಉಳಿಯುವುದು ಕಾರ್ಖಾನೆಯ ಹೊರಗೆ. ಬಿಸಿಲು, ಬೆಳಕು, ಗಾಳಿ ಬಣ್ಣ ತಿನ್ನುತ್ತವೆ. 150 ಇದ್ದದ್ದು 120ಕ್ಕೆ ಇಳಿದರೆ 6 ಕಿಲೋ ಬರುವಲ್ಲಿ 4.8 ಬರುತ್ತದೆ, ಖರ್ಚು ಮಾತ್ರ ಅಷ್ಟೇ. ಬ್ಯಾಡಗಿ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಸುಮ್ನೆ ಎದ್ದಿಲ್ಲ.

ಮೊನ್ನೆ ಕಾಕಾ ಒಬ್ಬರು ಇಷ್ಟೂ ಕೇಳಿ, "ಹಂಗಾರ ಯಾವ ಯಂತ್ರ ತರೂನು?" ಅಂದರು.

"ಈ ವರ್ಷದ ಕಾಯಿ ಎಲ್ಲಿಟ್ಟೀರಿ ಕಾಕಾ?" ಅಂದೆ.

"ತಗಡಿನ ಶೆಡ್ಡಿನಾಗ."