ಬೀದರ್‌ನ ಬಣ್ಣ, ಬರಹ ನೋಡಲು ಹೊರಟವರು ಬಿಸಿಲು ನೋಡಿಕೊಂಡು ಹೋಗಿ

ಬೀದರ್‌ಗೆ ಬಂದವರಲ್ಲಿ ಹೆಚ್ಚಿನವರು ಮೊದಲು ಕೋಟೆಗೆ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಊರೊಳಗಿನ ಹಳೆಯ ವಿದ್ಯಾಲಯವಾದ ಮದರಸಾವನ್ನು ಹೊರಗಿನಿಂದಲೇ ನೋಡಿ, ಬಹಮನಿ ಸುಲ್ತಾನರ ಸಮಾಧಿಗಳಿರುವ ಅಷ್ಟೂರನ್ನು ಬಿಟ್ಟೇಬಿಡುತ್ತಾರೆ. ಕಲೆ ನೋಡುವ ಆಸೆಯಿದ್ದರೆ ಈ ಕ್ರಮ ಪೂರ್ತಿ ತಿರುಗಬೇಕು.

ಕಲಬುರಗಿಯಿಂದ ಹುಮನಾಬಾದ್ ಮೇಲೆ ಸುಮಾರು 110 ಕಿ.ಮೀ. ಹಿಂದಿನ ರಾತ್ರಿಯೇ ಬಂದು ಉಳಿದರೆ ಒಳ್ಳೆಯದು. ಯಾಕೆಂದರೆ ಮಹಮೂದ್ ಗಾವಾನ್ ಮದರಸಾದ ಮುಂಭಾಗ ಪೂರ್ವಕ್ಕಿದೆ. ಅದರ ಟೈಲ್ಸ್ ಹೊಳೆಯುವುದು ಬೆಳಗಿನ ಬಿಸಿಲಿಗೆ, ಮಧ್ಯಾಹ್ನದ ಮೇಲೆ ಅಲ್ಲಿ ಬರೀ ನೆರಳು. ಇರಾನಿನ ಗಿಲಾನ್‌ನಿಂದ ಬಂದು ಬಹಮನಿ ಮಂತ್ರಿಯಾದ ಗಾವಾನ್ ಇದನ್ನು 1472ರಲ್ಲಿ ಕಟ್ಟಿಸಿದ. ಉಳಿದಿರುವ ಒಂದೇ ಮಿನಾರಿನ ಮೇಲಿನ ಅಂಕುಡೊಂಕು ಪಟ್ಟಿಗಳನ್ನೂ ನೀಲಿ ಹಿನ್ನೆಲೆಯ ಬಿಳಿ ಅಕ್ಷರಗಳನ್ನೂ ನಿಧಾನವಾಗಿ ನೋಡಿ. ಇನ್ನೊಂದು ಪಾರ್ಶ್ವ ಬಿದ್ದದ್ದು ಔರಂಗಜೇಬನ ಕಾಲದಲ್ಲಿ, ಒಳಗಿಟ್ಟಿದ್ದ ಸಿಡಿಮದ್ದು ಹೊತ್ತಿಕೊಂಡು. ಗಾವಾನನ ಕೊನೆ ಇನ್ನೂ ನೋವಿನದು: ವಿರೋಧಿಗಳು ಅವನ ಮುದ್ರೆಯಿದ್ದ ಖಾಲಿ ಹಾಳೆಯ ಮೇಲೆ ರಾಜದ್ರೋಹದ ಪತ್ರ ಬರೆದರು, 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ.

ಅಲ್ಲಿಂದ ಆಟೋದಲ್ಲಿ ಅಷ್ಟೂರಿಗೆ ಹೊರಡಿ. ಹೋಗುತ್ತ ದಾರಿಯಲ್ಲೇ ಸೂಫಿ ಹಜರತ್ ಖಲೀಲುಲ್ಲಾ ಅವರ ಸಮಾಧಿ ಕಟ್ಟಡವಾದ ಚೌಖಂಡಿ ಸಿಗುತ್ತದೆ. ಮೆಟ್ಟಿಲೇರಿ ಬಾಗಿಲ ಮೇಲಿನ ಕಪ್ಪು ಕಲ್ಲಿನ ಬರಹ ನೋಡಿ. ಶಿರಾಜ್‌ನ ಮುಘೀಸ್ ಎಂಬ ಲಿಪಿಕಾರನ ಕೈಯದು. ಒಂದು ಅಕ್ಷರದ ಬಳ್ಳಿ ಇನ್ನೊಂದರ ಕೆಳಗೆ ನುಸುಳಿ ಮೇಲೆದ್ದಿರುವುದು ಹತ್ತಿರ ನಿಂತರಷ್ಟೇ ಕಾಣುತ್ತದೆ.

ಅಷ್ಟೂರಿನಲ್ಲಿ ಸುಲ್ತಾನ ಅಹಮದ್ ಶಾ ವಲಿಯ ಸಮಾಧಿ ಗುಮ್ಮಟಕ್ಕೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನು ಈತ; ತೀರಿಕೊಂಡದ್ದು 1436ರಲ್ಲಿ. ಒಳಗೆ ಹೊಕ್ಕ ತಕ್ಷಣ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ಎಷ್ಟೋ ಜನ ಅಲ್ಲೇ ತಿರುಗಿ ಹೊರಬರುತ್ತಾರೆ. ಐದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಂಡಂತೆ ಕೆಂಪು, ನೀಲಿ, ಚಿನ್ನದ ಬಣ್ಣ ಒಂದೊಂದಾಗಿ ಮೇಲೇಳುತ್ತವೆ. ಟಾರ್ಚ್ ಬೇಕೇ ಬೇಕು, ಆದರೆ ನೇರವಾಗಿ ಹಿಡಿದರೆ ಚಿನ್ನದ ಗೆರೆ ಕಣ್ಣು ಕುಕ್ಕುತ್ತದೆ. ಗೋಡೆಗೆ ಓರೆಯಾಗಿ ಹಿಡಿಯಿರಿ. ಫ್ಲ್ಯಾಶ್ ಬೇಡ, ಗೋಡೆ ಮುಟ್ಟುವುದಂತೂ ಬೇಡವೇ ಬೇಡ. ಕೈಯ ಎಣ್ಣೆ, ಬೆವರು ತಾಗಿದ ಕಡೆ ಬಣ್ಣ ಮಸುಕಾಗಿ ಕ್ರಮೇಣ ಗಾರೆಯ ಸಮೇತ ಉದುರುತ್ತದೆ.

ಗೋಡೆಯ ಮೇಲಿರುವುದು ಬರೀ ಅಲಂಕಾರವಲ್ಲ. ಅಹಮದ್ ಶಾ ಇರಾನಿನ ಸೂಫಿ ಶಾ ನಿಮತುಲ್ಲಾರ ಭಕ್ತ; ಅವರನ್ನು ಕರೆಸಬೇಕೆಂದಾಗ ಅವರು ಮೊಮ್ಮಗನನ್ನು ಕಳಿಸಿದರು. ಚೌಖಂಡಿಯಲ್ಲಿ ಮಲಗಿರುವ ಖಲೀಲುಲ್ಲಾ ಈ ನಿಮತುಲ್ಲಾರ ಮಗ. ಆ ಗುರುಪರಂಪರೆಯ ಹೆಸರುಗಳೇ ಈ ಗೋಡೆಗಳಲ್ಲಿ ಅಕ್ಷರವಾಗಿವೆ. ಅಹಮದ್ ಶಾನ ಇದೇ ಸಮಾಧಿಗೆ, ಹೋಳಿ ಹುಣ್ಣಿಮೆಯ ಆಸುಪಾಸಿನ ಉರುಸಿನಲ್ಲಿ, ಆಳಂದ ಕಡೆಯ ಮಾಡಿಯಾಳದ ಜಂಗಮರು ಬಂದು ಪೂಜೆ ಸಲ್ಲಿಸುತ್ತಾರೆ. ಅಹಮದ್ ಶಾನನ್ನು ಅಲ್ಲಮಪ್ರಭುವೆಂದೇ ಕಾಣುವ ಭಕ್ತರಿದ್ದಾರೆ. ಉರುಸು ನೋಡಬೇಕೆಂದರೆ ಆಗ ಬನ್ನಿ. ಚಿತ್ರ ನೋಡಬೇಕೆಂದರೆ ಆ ದಿನಗಳು ಬೇಡ, ಜನಜಂಗುಳಿಯಲ್ಲಿ ಗೋಡೆಯೇ ಕಾಣುವುದಿಲ್ಲ.

ಊಟ ಮುಗಿಸಿ ಕೋಟೆಗೆ. ಶರ್ಜಾ ದರ್ವಾಜದ ಕಮಾನಿನ ಇಬ್ಬದಿಯ ಕಲ್ಲಿನ ಹುಲಿಗಳನ್ನು ತಲೆಯೆತ್ತಿ ನೋಡಿ ಒಳಗೆ ನಡೆಯಿರಿ. ಒಳಗಿನ ಅರಮನೆ ರಂಗೀನ್ ಮಹಲಿಗೆ ಬೀಗ ಹಾಕಿರುವುದೇ ಹೆಚ್ಚು. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಮೊದಲೇ ವಿನಯವಾಗಿ ಕೇಳಿ. ಕೊನೆಯ ಗಳಿಗೆಯಲ್ಲಿ ಕೇಳಿದರೆ ಬೀಗದ ಕೈ ಇದ್ದವರು ಸಿಗುವುದಿಲ್ಲ. ಬಹಮನಿಗಳ ನಂತರ ಬೀದರ್ ಆಳಿದ ಅಲೀ ಬರೀದ್ ಶಾ (1542–1580) ಕಾಲದ ಈ ಕೋಣೆಗಳಲ್ಲಿ ಮರದ ಕೆತ್ತನೆ ನಮ್ಮ ದೇವಾಲಯಗಳ ಕೈ, ಟೈಲ್ಸ್ ಇರಾನಿನ ಕೈ. ಒಳಬಾಗಿಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿದು ನೋಡಿ: ಚಿಪ್ಪು ಹಸಿರಿನಿಂದ ಗುಲಾಬಿಗೆ ತಿರುಗುತ್ತದೆ.

ಇದನ್ನು ನೋಡಿದ ಮೇಲೆ ಬಿದರಿ ಅಂಗಡಿಗೆ ಹೋದರೆ ಕಪ್ಪಿನ ಮೇಲೆ ಬೆಳ್ಳಿಯ ರುಚಿ ಬೇಗ ಹತ್ತುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೊಳ್ಳುವಾಗ ಬೆಳ್ಳಿಯ ಅಂಚಿನ ಮೇಲೆ ಬೆರಳಾಡಿಸಿ; ಉಗುರಿಗೆ ತಡೆದರೆ ತಂತಿ ಸರಿಯಾಗಿ ಕೂತಿಲ್ಲ. ಮನೆಯಲ್ಲಿ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕಪ್ಪು ಹೋಗುತ್ತದೆ. ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.